ಹಿಮದ ಬೆಳಕಿನ ಬೆಸುಗೆ

ಮಾರ್ಚ್ 11, ಮಂಗಳವಾರ

ಎಸೆನ್‌ಕುಲ್. ಎಸೆನ್‌ಕುಲ್. ಎಸೆನ್‌ಕುಲ್.

ದಿನವೂ ಕೈಯಿಂದ ಬರೆಯಬೇಕಂತೆ. ಮೊದಲು ನನ್ನ ಹೆಸರು ಮೂರು ಸಲ ಬರೆಯಬೇಕು, ಆಮೇಲೆ ಏನು ಬೇಕಾದರೂ ಬರೆಯಬಹುದು ಎಂದು ನರದ ಡಾಕ್ಟರಮ್ಮ ಹೇಳಿದ್ದಾಳೆ. "ಯಾರಿಗೂ ತೋರಿಸ್ಬೇಡಿ, ನಂಗೂ ತೋರಿಸ್ಬೇಡಿ. ಬರೀತಾ ಇರಿ ಅಷ್ಟೆ" ಎಂದಳು. ಐವತ್ತು ದಾಟಿದ ಗಂಡಸು ಒಂದನೇ ಕ್ಲಾಸಿನ ಹುಡುಗನಂತೆ ಕಾಪಿ ಬರೆಯುತ್ತಿದ್ದೇನೆ. ಮೂರನೆಯ ಹೆಸರಿನ ಬಾಲ ಗೆರೆ ಬಿಟ್ಟು ಕೆಳಗೆ ಜಾರಿದೆ.

ನಡುಗುವುದು ಬಲಗೈ. ಬೆಸುಗೆ ಕೋಲು ಹಿಡಿಯುವ ಕೈಯೇ. ಕಳೆದ ವಾರ ಒಬ್ಬರ ಕಂಪ್ಯೂಟರ್ ಬೋರ್ಡಿನ ಮೇಲೆ ಕೋಲಿನ ತುದಿ ಜಾರಿ, ಚೆನ್ನಾಗಿದ್ದ ನಾಲ್ಕು ಗೆರೆಗಳನ್ನು ಉತ್ತುಹಾಕಿತು. ಗ್ರೀಶಾ ನನ್ನ ಕೈಯಿಂದ ಕೋಲು ತೆಗೆದುಕೊಂಡು ತನ್ನ ಕಡೆ ಇಟ್ಟುಕೊಂಡ. ಬಿಷ್ಕೆಕ್‌ನ ಈ ಬಜಾರಿನಲ್ಲಿ, ಒಂದೇ ಕಬ್ಬಿಣದ ಕಂಟೇನರಿನೊಳಗೆ, ಇಪ್ಪತ್ತು ವರ್ಷದಿಂದ ನಾವಿಬ್ಬರು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇವೆ. ಅವನು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಇದೇ ಮೊದಲು ನೋಡಿದ್ದು.

ಬೇಸಿಗೆಯ ಹೊತ್ತಿಗೆ ಅಂಗಡಿಯ ನನ್ನ ಪಾಲು ಮಾರಿಬಿಡಬೇಕು. ಸೂಕ್ಷ್ಮದರ್ಶಕಕ್ಕೆ ಗಿರಾಕಿ ಸಿಗುತ್ತಾರೆ.

ಮಾರ್ಚ್ 17

ಹೆಂಡತಿ ಕಲೀಪಾಳ ತಂಗಿಯ ಮನೆಗೆ ಊಟಕ್ಕೆ ಕರೆದಿದ್ದರು. ಹೋಗಲಿಲ್ಲ. ಅಲ್ಲಿ ಚಹಾದ ಬಟ್ಟಲು ಕೈಯಿಂದ ಕೈಗೆ ದಾಟುತ್ತದೆ. ಹೊಟ್ಟೆ ಸರಿಯಿಲ್ಲ ಎಂದೆ.

"ಹೊಟ್ಟೆ ಚೆನ್ನಾಗೇ ಇದೆ. ಕೆಟ್ಟಿರೋದು ಮೂತಿ" ಎಂದು ಹೇಳಿ ಕಲೀಪಾ ಒಬ್ಬಳೇ ಹೋದಳು.

ಮಾರ್ಚ್ 22, ಶನಿವಾರ

ಹೊಸವರ್ಷದ ಹಬ್ಬ ನೌರೂಜ್ ಮುಗಿದ ಮರುದಿನ. ಬಜಾರ್ ಅರ್ಧ ಮುಚ್ಚಿತ್ತು. ಗ್ರೀಶಾ ಎಲ್ಲಿಂದಲೋ ಹಬ್ಬದ ಗೋಧಿ ಪಾಯಸ ಸುಮೊಲೊಕ್ ತಂದು ಚಮಚದಲ್ಲಿ ಬಾಚಿ ತಿನ್ನುತ್ತಿದ್ದ. ಆಗ ಮೈಯೆಲ್ಲ ಧೂಳಾದ ಒಬ್ಬ ಒಳಗೆ ಬಂದು, ಸತ್ತ ಕೂಸನ್ನು ಮಲಗಿಸುವ ಹಾಗೆ ಒಂದು ಮದರ್‌ಬೋರ್ಡನ್ನು ಮೇಜಿನ ಮೇಲಿಟ್ಟ. ಹೆಸರು ತೊಕ್ತೊರ್. ಬೆಟ್ಟದ ಮೇಲಿನ ಚುಂಕುರ್-ಕೊಲ್ ಸರೋವರವನ್ನು ಕಾಯುವವನು.

ಬೋರ್ಡನ್ನು ಎತ್ತಿಕೊಳ್ಳುವ ಮೊದಲೇ ಮೂಗಿಗೆ ತಿಳಿಯಿತು. ಸಿಡಿಲು. ಒಳಗಿನ ಪದರಗಳವರೆಗೂ ಸುಟ್ಟುಹೋಗಿದೆ.

"ಇದು ಬದುಕಲ್ಲ ತಮ್ಮಾ" ಎಂದೆ.

"ಗೊತ್ತು ಬೈಕೆ. ಇಂಥದ್ದೇ ಇನ್ನೊಂದು ಬೇಕು. ಈ ಉದ್ದನೆ ಕಪ್ಪು ಸ್ಲಾಟ್ ಇರಲೇಬೇಕು. ನೀರು ಅಳೆಯೋ ಕಾರ್ಡು ಇದರಲ್ಲಿ ಮಾತ್ರ ಕೂರುತ್ತೆ." ಮೊದಲ ಮಾತಿಗೇ ನನ್ನನ್ನು ಬೈಕೆ, ಅಣ್ಣ, ಮಾಡಿಕೊಂಡಿದ್ದ.

"ಹೊಸ ಯಂತ್ರ ಕೊಡಲ್ವಾ ನಿಮ್ಮೋರು?" ಎಂದ ಗ್ರೀಶಾ.

"ಕೊಡ್ತಾರೆ. ಮುಂದಿನ ವರ್ಷ. ಸರೋವರಕ್ಕೆ ಹೋಗಿ ಹೇಳ್ಬೇಕು, ಒಂದ್ವರ್ಷ ತಡ್ಕೊಳಮ್ಮಾ ಅಂತ."

ಆ ಸರೋವರದ ಒಂದು ಬದಿಗೆ ಹಿಮದ ಕಟ್ಟೆಯಿದೆ. ಜೂನ್ ಕೊನೆಗೆ ನೀರು ತುಂಬುತ್ತದೆ. ಕೆಲವು ವರ್ಷ ಸದ್ದಿಲ್ಲದೆ ಇಳಿದುಹೋಗುತ್ತದೆ, ಕೆಲವು ವರ್ಷ ಕಟ್ಟೆಯನ್ನು ಒಡೆದುಕೊಂಡು ಹೋಗುತ್ತದೆ. ನೀರು ಥಟ್ಟನೆ ಇಳಿದರೆ ಕಂಪ್ಯೂಟರ್ ಕೆಳಗಿನ ತಲ್ದಿ-ಜಾರ್ ಹಳ್ಳಿಯ ಸೈರನ್ ಕೂಗಿಸುತ್ತದೆ. ಆ ಹಳ್ಳಿಯಲ್ಲೇ ತೊಕ್ತೊರನ ತಾಯಿ ಇದ್ದಾಳೆ. ಈಗ ಅವನೇ ಹಿಮದಲ್ಲಿ ಹತ್ತಿ, ಅಳತೆಯ ಕಂಬ ನೋಡಿ, ಸಿಗ್ನಲ್ ಸಿಗುವ ಬಂಡೆಯವರೆಗೆ ಇಳಿದು ಫೋನ್ ಮಾಡುತ್ತಾನಂತೆ.

"ನಾನು ನಿದ್ದೆ ಮಾಡೋವಾಗ ಯಾರು ನೋಡ್ತಾರೆ ಬೈಕೆ?" ಎಂದು ಕೇಳಿದ. ಹುಡುಕುತ್ತೇನೆ ಎಂದೆ. ಬಲಗೈ ಜೇಬಿನಲ್ಲೇ ಇತ್ತು.

ಮಾರ್ಚ್ 28

ದೂರದ ಕೊಚ್ಕೊರ್ ಊರಿನ ಕಡೆಯಿಂದ ಒಬ್ಬ ಲಾರಿಯವನು ಹಳೆಯ ಬೋರ್ಡುಗಳ ಒಂದು ಮೂಟೆ ತಂದಿದ್ದ. ಯಾವುದೋ ಶಾಲೆಗೆ ಹೊಸ ಕಂಪ್ಯೂಟರ್ ಬಂದಿವೆ, ಹಳೆಯವು ಗುಜರಿಗೆ. ಆಲೂಗಡ್ಡೆ ಚೀಲದಲ್ಲಿ ತುಂಬಿದ್ದರು, ಮಣ್ಣು ಸಮೇತ. ಚೀಲದಲ್ಲಿ ಕೈಯಾಡಿಸಿದಾಗ ಉದ್ದನೆಯ ಕಪ್ಪು ಸ್ಲಾಟ್ ಬೆರಳಿಗೆ ತಾಗಿತು. ಎಲ್ಲವೂ ತೊಕ್ತೊರನಿಗೆ ಬೇಕಾದ ಜಾತಿಯವೇ.

ಬೋರ್ಡು ನೋಡುವುದಕ್ಕೆ ನನ್ನದೇ ಕ್ರಮವಿದೆ. ಮೊದಲು ಮೂಸುತ್ತೇನೆ. ಆಮೇಲೆ ಗಾಜಿನ ಮೇಲೆ ಮಲಗಿಸಿ ಅಂಚಿನಿಂದ ನೋಡುತ್ತೇನೆ. ಬೆನ್ನು ಬಾಗಿದ್ದರೆ ಒಳಗೆಲ್ಲೋ ಬೆಸುಗೆ ಬಿರಿದಿರುತ್ತದೆ. ಆಮೇಲೆ ಟಾರ್ಚು. ಅದನ್ನು ಮೇಲಿನಿಂದ ಹಿಡಿಯಬಾರದು. ಪಕ್ಕದಿಂದ, ಸಂಜೆ ಬಿಸಿಲು ಬೀಳುವಂತೆ ಓರೆಯಾಗಿ ಹಿಡಿಯಬೇಕು. ಆಗ ಪ್ರತಿ ಗೀರಿಗೂ ನೆರಳು ಹುಟ್ಟುತ್ತದೆ. ಸ್ಕ್ರೂಡ್ರೈವರ್ ಜಾರಿದ ಗಾಯ, ಉಗುರಿಗಿಂತ ಚಿಕ್ಕ ಬಿಡಿಭಾಗ ಕಿತ್ತುಹೋದ ಗುರುತು, ಹೊಟ್ಟೆ ಉಬ್ಬಿದ ಕೆಪಾಸಿಟರ್, ಸ್ಲಾಟಿನ ಬುಡದಲ್ಲಿ ಹಸಿರು ಕಿಲುಬು, ಎಲ್ಲ ಎದ್ದು ನಿಲ್ಲುತ್ತವೆ.

ಒಂದೊಂದೇ ಬೋರ್ಡು ಪಕ್ಕಕ್ಕೆ ಹೋಯಿತು. ಬಾಗಿದ್ದು. ಕಿಲುಬು ಹಿಡಿದದ್ದು. ಸೀಳಿದ್ದು. ಕೊನೆಯದರ ಒಂದು ಮೂಲೆಯಲ್ಲಿ ಯಾರೋ ಗುಲಾಬಿ ಬಣ್ಣದ ಉಗುರುಬಣ್ಣ ಬಳಿದಿದ್ದರು, ಅದರಲ್ಲಿ ಮಿನುಗು ಪುಡಿ ಬೇರೆ. ಯಾರೋ ಹುಡುಗಿಯರ ಆಟ ಎಂದುಕೊಂಡು ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಏನು ಕಂಡೆ ಎಂದು ಬರೆಯುವುದು ಹೇಗೆ? ಕೆಪಾಸಿಟರ್ ಸೋರಿ ಅಲ್ಲಿನ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಪೂರ್ತಿ ಒಂದು ಬೀದಿಯೇ ಅಳಿಸಿಹೋಗಿತ್ತು. ಆ ಬೀದಿಯ ಮೇಲೆ, ಉಗುರುಬಣ್ಣದ ಕೆಳಗೆ, ಕೂದಲಿಗಿಂತ ತೆಳುವಾದ ತಂತಿಗಳು ಸಾಲಾಗಿ ಮಲಗಿದ್ದವು. ಕಂಪನಿ ಎಳೆದ ಗೆರೆ ಎಲ್ಲಿ ತಿರುಗಿತ್ತೋ ತಂತಿಯೂ ಅಲ್ಲೇ ತಿರುಗಿತ್ತು, ಅದೇ ಕೋನದಲ್ಲಿ. ಒಂದಕ್ಕೊಂದು ತಾಗಿಲ್ಲ. ಕಿಂಡಿಯೊಳಗೆ ಇಳಿದು ಹಿಂಬದಿಯಲ್ಲಿ ಎದ್ದು ಮತ್ತೆ ಹೊರಟಿವೆ. ಸಂಜೆ ಆಕಾಶದಲ್ಲಿ ಕೊಕ್ಕರೆಗಳ ಸಾಲು ಒಟ್ಟಿಗೇ ದಿಕ್ಕು ಬದಲಿಸುತ್ತದಲ್ಲ, ಹಾಗೆ.

ನನ್ನ ಕೈ ಚೆನ್ನಾಗಿದ್ದ ಕಾಲದಲ್ಲೂ ಇದು ನನ್ನಿಂದ ಆಗುತ್ತಿರಲಿಲ್ಲ. ಯಾರು ಮಾಡಿದ್ದು ಇದನ್ನು? ಆಲೂಗಡ್ಡೆ ಚೀಲದಲ್ಲಿ!

ಮಾರ್ಚ್ 29

ಬೆಳಿಗ್ಗೆ ಗ್ರೀಶಾ ಬರುವ ಮೊದಲೇ ಬಂದು ಮತ್ತೆ ನೋಡಿದೆ. ನಿನ್ನೆ ಕಂಡದ್ದು ಕನಸಲ್ಲ.

ಗ್ರೀಶಾನನ್ನು ಕೂರಿಸಿ ತೋರಿಸಿದೆ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಯಾವನೋ ಹುಚ್ಚ" ಎಂದ.

"ಹುಚ್ಚನೋ ಸಂತನೋ."

"ಎರಡೂ ಒಂದೇ. ನಾನು ಬೆಸುಗೆ ಹಾಕಿದ್ರೆ ಗಂಜಿ ಚೆಲ್ಲಿದ ಹಾಗಿರುತ್ತೆ. ಇವನು ನೋಡು, ಕಸೂತಿ ಹಾಕಿದಾನೆ."

ಏಪ್ರಿಲ್ 3, ಗುರುವಾರ

ತೊಕ್ತೊರ್ ಫೋನ್ ಮಾಡಿದ್ದ. ಗಾಳಿಯ ಸದ್ದಿನಲ್ಲಿ ಅವನ ಮಾತು ಅರ್ಧಂಬರ್ಧ ಕೇಳಿತು.

"ಸಿಕ್ತಾ ಬೈಕೆ?"

"ಒಂದಿದೆ. ಆದ್ರೆ ಗಾಯ ಆಗಿ ವಾಸಿಯಾಗಿರೋದು."

"ಕೆಲಸ ಮಾಡುತ್ತಾ?"

"ಇಲ್ಲಿ ಮಾಡುತ್ತೆ."

"ಅಲ್ಲಿ ಮಾಡುತ್ತಾ ಅಂತ ಕೇಳ್ತಿರೋದು ನಾನು."

ಅದೇ ಪ್ರಶ್ನೆ ನನ್ನದೂ. ಮೇಲೆ ರಾತ್ರಿ ನೀರು ಕಲ್ಲಾಗುತ್ತದೆ, ಹಗಲು ಬಿಸಿಲು ತಗಡನ್ನು ಕಾಯಿಸುತ್ತದೆ. ರಿಪೇರಿಯಾದ ಬೋರ್ಡನ್ನು ಹುಡುಗರ ಆಟದ ಕಂಪ್ಯೂಟರಿಗೆ ಹಾಕಬಹುದು. ಒಂದು ಹಳ್ಳಿಯ ಜೀವಕ್ಕೆ ಕಾವಲು ಇಡಬಹುದೇ? ಮೂವತ್ತು ವರ್ಷದ ಅನುಭವ ಬೇಡ ಎನ್ನುತ್ತದೆ. ಕಣ್ಣು ಬೇಕು ಎನ್ನುತ್ತದೆ. ಮಾಡಿದವರನ್ನೇ ಕೇಳಬೇಕು. ಲಾರಿಯವನಿಂದ ಶಾಲೆ ಯಾವುದೆಂದು ತಿಳಿದುಕೊಂಡೆ.

"ಒಂದು ಬೋರ್ಡಿಗಾಗಿ ಕೊಚ್ಕೊರ್‌ಗಾ?" ಎಂದಳು ಕಲೀಪಾ. "ನನ್ನ ತಂಗಿ ಮನೆಗೆ ಎರಡು ಬೀದಿ ನಡೆಯೋಕೆ ಹೊಟ್ಟೆನೋವು ಬರುತ್ತೆ."

ದಾರಿಗೆ ಬ್ರೆಡ್ಡು, ಒಣಮೊಸರಿನ ಉಂಡೆ ಕಟ್ಟಿಕೊಟ್ಟಿದ್ದೂ ಅವಳೇ.

ಏಪ್ರಿಲ್ 8

ಮರಳಿ ಬರುವ ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಹೇಗೆಹೇಗೋ ಬೀಳುತ್ತಿವೆ, ರಸ್ತೆಯದು ತಪ್ಪು.

ಶಾಲೆಯಲ್ಲಿ ವಿಚಾರಿಸಿದೆ. ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು ಯಾರು ಎಂದು ಕೇಳಿದ್ದಕ್ಕೆ ಕಾವಲುಗಾರ ನಕ್ಕುಬಿಟ್ಟ. "ಸೊನುನ್ ಟೀಚರಲ್ವಾ! ರಿಟೈರ್ ಆದ್ರಲ್ಲ. ನೀಲಿ ಗೇಟು, ಕೋಳಿ ಇರೋ ಮನೆ."

ನೀಲಿ ಗೇಟು ತೆಗೆದವಳಿಗೆ ಅರವತ್ತು ದಾಟಿರಬೇಕು. ದಪ್ಪ ಗಾಜಿನ ಕನ್ನಡಕ, ತೋಳಿನವರೆಗೂ ಹಿಟ್ಟು. ವಯಸ್ಸಿಗೆ ತಕ್ಕಂತೆ ಎಜೆ, ಅಕ್ಕಾ, ಎಂದು ಕರೆದು ಚೀಲದಿಂದ ಬೋರ್ಡು ತೆಗೆದೆ. ಅವಳ ಮುಖ ಗಂಟಾಯಿತು.

"ಕೆಟ್ಟೋಯ್ತಾ? ಜಗಳಕ್ಕೆ ಬಂದ್ಯಾ? ನೋಡು ತಮ್ಮಾ, ಮಾರಿದ್ದು ನಾನಲ್ಲ."

"ಕೆಟ್ಟಿಲ್ಲ ಎಜೆ. ಇದನ್ನ ಯಾರು ಮಾಡಿದ್ದು ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

"ನೋಡೋಕೆ? ಬಿಷ್ಕೆಕ್‌ನಿಂದ? ಅಲ್ಲಿ ನೋಡೋಕೆ ಬೇರೇನೂ ಇಲ್ವಾ?"

ಒಳಗೆ ಕರೆದಳು. ಭೌತಶಾಸ್ತ್ರದ ಟೀಚರಂತೆ. ಆ ಬೋರ್ಡು ಶಾಲೆಯ ಕಂಪ್ಯೂಟರ್ ಕೋಣೆಯದು. ಒಂದೊಂದೇ ಯಂತ್ರ ನಿಂತುಹೋದಾಗ, ಕೋಣೆಗೆ ಬೀಗ ಹಾಕಿ ಆಲೂಗಡ್ಡೆ ತುಂಬೋಣ ಎಂದರಂತೆ. ರಿಪೇರಿಯವನು ಅಷ್ಟು ದೂರ ಬರಲು ಒಪ್ಪಲಿಲ್ಲ. ತಂದೆ ರೇಡಿಯೋ ಬಿಚ್ಚುತ್ತಿದ್ದುದನ್ನು ನೋಡಿ ಬೆಳೆದವಳು, ತಾನೇ ಕೂತಳು.

"ಇಷ್ಟು ತೆಳು ತಂತಿ ಎಲ್ಲಿ ಸಿಕ್ತು?"

"ಒಡೆದ ಇಯರ್‌ಫೋನಿಂದು. ಹುಡುಗ್ರು ವಾರಕ್ಕೊಂದು ಒಡೀತಿದ್ರು, ಪುಣ್ಯಾತ್ಮರು."

"ಉಗುರುಬಣ್ಣ?"

"ಒಂಬತ್ತನೇ ಕ್ಲಾಸಿನ ಹುಡುಗಿ ಕೈಯಿಂದ ಕಿತ್ಕೊಂಡಿದ್ದು. ಇನ್ನೂ ವಾಪಸ್ ಕೊಟ್ಟಿಲ್ಲ. ಅವಳಿಗೀಗ ಎರಡು ಮಕ್ಕಳು."

ಬೆಸುಗೆ ಕೋಲನ್ನೂ ತೋರಿಸಿದಳು. ಬಕೆಟ್‌ಗೆ ಬೆಸುಗೆ ಹಾಕುವ ದಪ್ಪ ಕೋಲು. ಅದರ ತುದಿಗೆ ತಾಮ್ರದ ತಂತಿ ಸುತ್ತಿ, ಕೊನೆಯನ್ನು ಸೂಜಿಯಂತೆ ಮಸೆದಿದ್ದಳು. ಯಾವ ಭೂತಗನ್ನಡಿಯಲ್ಲಿ ನೋಡುತ್ತಿದ್ದಿರಿ ಎಂದೆ. ಕನ್ನಡಕ ತೆಗೆದು ಅದರ ಮುಂದೆ ಇನ್ನೊಂದು ಕನ್ನಡಕ ಹಿಡಿದಳು. ಅಷ್ಟೆ.

"ಬೆಳಕು?"

ಆಗ ಎದ್ದು ಪರದೆ ಸರಿಸಿದಳು. ಬೆಳಗಿನ ಜಾವ ಹಿಮ ಬಿದ್ದಿತ್ತು. ಅಂಗಳ, ಬೇಲಿ, ಅದರಾಚೆಯ ಹೊಲ, ಎಲ್ಲ ಬೆಳ್ಳಗೆ. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದು ಕಿಟಕಿಯಿಂದ ಒಳಕ್ಕೆ ಚಿಮ್ಮುತ್ತಿತ್ತು. ಮೇಜಿನ ಮೇಲೆ ನೆರಳೇ ಇರಲಿಲ್ಲ. ಬಟ್ಟಲಿಗೆ ನೆರಳಿಲ್ಲ, ಚಮಚಕ್ಕೆ ನೆರಳಿಲ್ಲ, ನನ್ನ ಎಡಗೈಗೂ ನೆರಳಿಲ್ಲ.

"ಹಿಮ ಬಿದ್ದ ಮರುದಿನ ಮಾತ್ರ ಮಾಡ್ತಿದ್ದೆ. ನಾಲ್ಕೂ ಕಡೆಯಿಂದ ಬೆಳಕು ಬರುತ್ತಲ್ಲ. ಬೇಸಿಗೆಯಲ್ಲಿ ಯಂತ್ರ ಕೆಟ್ರೆ ಮಕ್ಕಳಿಗೆ ಹೇಳ್ತಿದ್ದೆ, ಹಿಮ ಬರೋತನಕ ಕಾಯ್ರಿ ಅಂತ."

ಮೂವತ್ತು ವರ್ಷ ನಾನು ಓರೆ ಬೆಳಕಿನಲ್ಲಿ ಗಾಯ ಹುಡುಕಿದ್ದೇನೆ. ನೆರಳೇ ಇಲ್ಲದ ಬೆಳಕಿನಲ್ಲಿ ಗಾಯ ವಾಸಿ ಮಾಡುವವರೂ ಇದ್ದಾರೆ ಎಂದು ತಿಳಿದಿರಲಿಲ್ಲ.

ಸರೋವರದ ವಿಷಯ ಹೇಳಿದೆ. ಅವಳ ನಗು ಆರಿತು. "ಬೇಡ" ಎಂದಳು. "ಮಕ್ಕಳ ಆಟಕ್ಕೆ ಮಾಡಿದ್ದು. ಜನರ ಪ್ರಾಣಕ್ಕಲ್ಲ."

"ಉಳಿದವೆಲ್ಲ ಇದಕ್ಕಿಂತ ಕೆಟ್ಟಿವೆ ಎಜೆ. ಬಾಗಿವೆ, ಸೀಳಿವೆ, ಒಳಗೆ ಎಲ್ಲಿ ಬಿರಿದಿವೆ ಅಂತ ಕಾಣಲ್ಲ. ಇದರಲ್ಲಿ ಏನಾಗಿದೆ ಅಂತ ನಂಗೆ ಪೂರ್ತಿ ಕಾಣ್ಸುತ್ತೆ."

"ನಿಂಗೆ ಅಷ್ಟು ಚೆನ್ನಾಗಿ ಕಾಣ್ಸುತ್ತಾ?"

"ಕಾಣ್ಸುತ್ತೆ. ಮಾಡೋಕೆ ಆಗಲ್ಲ." ಬಲಗೈ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಅದು ಕುಣಿಯುತ್ತಿತ್ತು.

ಅವಳು ನೋಡಿದಳು. ನನ್ನ ಬಟ್ಟಲಿನ ಚಹಾ ಅರ್ಧ ತನ್ನ ಬಟ್ಟಲಿಗೆ ಸುರಿದುಕೊಂಡು ಉಳಿದದ್ದನ್ನು ನನ್ನ ಕಡೆ ತಳ್ಳಿದಳು.

"ಕುಡಿ. ಆರಿಹೋಗುತ್ತೆ. ಕೋಳಿಗೆ ಯಾರಾದ್ರೂ ಕಾಳು ಹಾಕೋರು ಸಿಕ್ರೆ ನಾನೇ ಬರ್ತೀನಿ ನಿನ್ನಂಗ್ಡಿಗೆ. ನಾನೂ ನೋಡ್ಬೇಕು."

ಏಪ್ರಿಲ್ 19, ಶನಿವಾರ

ಸೊನುನ್ ಎಜೆ ಬಂದಿದ್ದಳು. ಕೋಟಿನ ಒಳಜೇಬಿನಲ್ಲಿ ತನ್ನ ಬೆಸುಗೆ ಕೋಲು, ಕೈಯಲ್ಲಿ ಕಲೀಪಾಗೆಂದು ಮೊಟ್ಟೆ. ಗ್ರೀಶಾ ತನ್ನ ಕುರ್ಚಿಯನ್ನು ಒರೆಸಿ ಕೊಟ್ಟ. ಅವನು ಕುರ್ಚಿ ಒರೆಸಿದ್ದನ್ನು ನೋಡಿ ಪಕ್ಕದ ಕಂಟೇನರಿನವರು ಬಂದು ಇಣುಕಿದರು.

ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಎರಡೂ ಕಣ್ಣಿಗೆ ಸರಿಮಾಡಿ ಕೊಟ್ಟೆ. ತಾನು ಮಾಡಿದ್ದನ್ನು ಅವಳು ಹೀಗೆ ನೋಡುತ್ತಿದ್ದುದು ಇದೇ ಮೊದಲು. ಅವಳ ಬೆನ್ನು ನೋಡುತ್ತ ನಿಂತಿದ್ದೆ.

"ಅಯ್ಯಯ್ಯೋ" ಎಂದಳು ಕೊನೆಗೆ. "ಇಷ್ಟು ಕೊಳಕಾಗಿ ಮಾಡಿದ್ನಾ ನಾನು?"

"ಕೊಳಕಾ! ಎಜೆ, ಇದನ್ನ ನೋಡಿ ಗ್ರೀಶಾ ಟೋಪಿ ತೆಗೆದಿದ್ದ!"

"ಹಾಕ್ಕೊಳ್ರಿ ಟೋಪಿ. ನೋಡು ಈ ಬೆಸುಗೆ, ಮಂಟು ಕಡುಬಿನ ಹಿಟ್ಟಿನ ಉಂಡೆ ಇದ್ದ ಹಾಗಿದೆ." ಆಮೇಲೆ ದನಿ ತಗ್ಗಿತು. "ಆದ್ರೂ... ಎಷ್ಟು ದೊಡ್ಡದಾಗಿದೆಯಪ್ಪಾ. ಇದರೊಳಗೆ ನಡೀಬಹುದು ಅನ್ಸುತ್ತೆ."

ನನಗೂ ಹಾಗೇ ಅನ್ನಿಸುತ್ತದೆ, ಎಷ್ಟೋ ವರ್ಷದಿಂದ. ಯಾರಿಗೂ ಹೇಳಿರಲಿಲ್ಲ.

ನಾನು ಮೂಲೆಯಿಂದ ಮೂಲೆಗೆ ನೋಡಿದೆ. ಟಾರ್ಚು ತಿರುಗಿಸಿದೆ, ಬೋರ್ಡನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು ಒಳಪದರ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ತಂತಿಯ ತುದಿಯಲ್ಲಿ, ಬೆಸುಗೆಯ ಸುತ್ತ, ಬೂದು ಬಣ್ಣದ ಉಂಗುರ ಕಂಡಿತು. ಬಿರುಕು. ಇವತ್ತು ಕೆಲಸ ಮಾಡುತ್ತದೆ, ಚಳಿಗೆ ಬಿಡುತ್ತದೆ. ಅವಳಿಗೆ ತೋರಿಸಿದೆ. ಬಹಳ ಹೊತ್ತು ಕಾಣಲಿಲ್ಲ. ಕಂಡಾಗ ಎದ್ದು ನಿಂತಳು.

"ಇದನ್ನ ಹಾಗೇ ಮೇಲಕ್ಕೆ ಕಳಿಸಿದ್ರೆ..."

"ಕಳಿಸಿಲ್ವಲ್ಲ."

ಅವಳು ಕೂತಳು. ನಾನು ಬೆಳಕು ಹಿಡಿದೆ, ಎಡಗೈಯಲ್ಲಿ. ಉಗುರುಬಣ್ಣ ಕೆರೆದು, ಹಳೆ ಬೆಸುಗೆ ಎತ್ತಿ, ಹೊಸದು ಇಟ್ಟಳು. ಸ್ವಲ್ಪ ಎಡಕ್ಕೆ ಎಂದೆ, ಹೋದಳು. ಸಾಕು ಎಂದೆ, ನಿಂತಳು. ಸೋಲ್ಡರ್ ಕರಗಿ ಹೊಳೆದು, ತಂತಿಯ ಸುತ್ತ ತಾನಾಗಿ ಹರಿದು, ಕನ್ನಡಿಯಂತೆ ಗಟ್ಟಿಯಾಯಿತು. ಸಾವಿರ ಸಲ ನೋಡಿದ ದೃಶ್ಯ. ಬೆಳಕು ಆರಿಸುವುದನ್ನೇ ಮರೆತೆ.

ರಾತ್ರಿ ಊಟಕ್ಕೆ ನಮ್ಮ ಮನೆಯಲ್ಲೇ ಇದ್ದಳು. ಕಲೀಪಾಳೂ ಅವಳೂ ಸೇರಿ ನನ್ನನ್ನು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಕಲೀಪಾಳ ತಂಗಿಯನ್ನೂ ಕರೆದಿದ್ದೆವು.

ಏಪ್ರಿಲ್ 30

ಬೋರ್ಡನ್ನು ಗ್ರೀಶಾನ ಮೀನಿನ ಫ್ರೀಜರಿನಲ್ಲಿಟ್ಟು, ತೆಗೆದು, ಒಲೆಯ ಪಕ್ಕ ಕಾಯಿಸಿ, ಮತ್ತೆ ಇಟ್ಟು, ವಾರವಿಡೀ ಓಡಿಸಿದ್ದೇವೆ. ಒಮ್ಮೆಯೂ ನಿಲ್ಲಲಿಲ್ಲ. ಈಗ ಮೀನಿನ ವಾಸನೆ ಹೊಡೆಯುತ್ತಿದೆ.

ಮೇ 16

ತೊಕ್ತೊರ್ ಫೋನ್ ಮಾಡಿದ. ಬೋರ್ಡನ್ನು ಕತ್ತೆಯ ಮೇಲೆ, ತುಪ್ಪಳದ ಕೋಟಿನಲ್ಲಿ ಸುತ್ತಿಕೊಂಡು ಹೋಗಿದ್ದನಂತೆ. ಕಾರ್ಡು ಕೂತಿತು, ಅಂಕಿ ಬಂತು. "ಬೈಕೆ, ನಿನ್ನೆ ಚೆನ್ನಾಗಿ ನಿದ್ದೆ ಮಾಡ್ದೆ" ಎಂದ. ಬೇರೇನೂ ಹೇಳಲಿಲ್ಲ.

ಜೂನ್ 24

ಬರೆಯದೆ ಎಷ್ಟೋ ದಿನವಾಯಿತು. ಪುರುಸೊತ್ತಿಲ್ಲ. ಬಜಾರಿನವರೆಲ್ಲ ಹಳೆ ಬೋರ್ಡು ಕೊಳ್ಳುವ ಮೊದಲು ನನ್ನ ಹತ್ತಿರ ತರುತ್ತಿದ್ದಾರೆ. "ಎಸೆನ್ ನೋಡಿದಾನಾ?" ಎಂದು ಕೇಳುವುದು ರೂಢಿಯಾಗಿದೆಯಂತೆ. ಇನ್ನೂ ಬೆಳಕು ಬೇಕೆಂದು ಕಂಟೇನರಿನ ತಗಡು ಕೊಯ್ಯಿಸಿ ದೊಡ್ಡ ಕಿಟಕಿ ಇಡಿಸಿದೆ. ಗ್ರೀಶಾ ಕೂಗಾಡಿದ. ಈಗ ಅದರಡಿಯಲ್ಲೇ ಕೂತು ಸೌತೆಕಾಯಿ ತಿನ್ನುತ್ತಾನೆ.

ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಮರೆತೇ ಹೋಯಿತು. ಕಲೀಪಾ ಬೈದಳು. ಇನ್ನೊಂದು ದಿನ ಕೊಟ್ಟಿದ್ದಾರೆ.

ಈ ವರ್ಷ ಬಿಸಿಲು ಜಾಸ್ತಿ. ತೊಕ್ತೊರ್ ಹೇಳುವ ಅಂಕಿ ಪ್ರತಿ ಸಲವೂ ಏರುತ್ತಿದೆ.

ಜುಲೈ 9, ಬುಧವಾರ. ತಲ್ದಿ-ಜಾರ್

ಕಂಪ್ಯೂಟರಿನ ಫ್ಯಾನ್ ಕಿರುಗುಟ್ಟುತ್ತಿದೆ, ಸರೋವರ ಅಂಚಿನವರೆಗೆ ತುಂಬಿದೆ, ನೀವಿಬ್ಬರೂ ಬಂದು ಒಂದು ಸಲ ನೋಡಿ ಎಂದು ತೊಕ್ತೊರ್ ಕರೆದಿದ್ದ. ಸೊನುನ್ ಎಜೆ ಕೊಚ್ಕೊರ್‌ನಿಂದ ಬಂದಳು. ನಾಳೆ ಬೆಳಿಗ್ಗೆ ಹತ್ತುವುದೆಂದು ಅವನ ತಾಯಿ ಅನಾರ್ಕಾನ್ ಅಪಾಳ ಮನೆಯಲ್ಲಿ ಇಳಿದುಕೊಂಡೆವು. ಏಪ್ರಿಕಾಟ್ ಮರದ ಕೆಳಗೆ ಚಾಪೆ ಹಾಸಿದ್ದಳು. ಕುದಿಯುವ ಎಣ್ಣೆಯಲ್ಲಿ ಬೊರ್ಸೊಕ್ ಹಿಟ್ಟಿನ ತುಂಡುಗಳು ಉಬ್ಬುತ್ತಿದ್ದವು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಆಗ ಸೈರನ್ ಕೂಗಿತು.

ಹಕ್ಕಿಗಳೆಲ್ಲ ಎದ್ದವು. ಅನಾರ್ಕಾನ್ ಅಪಾ ಜಾಲರಿ ಸೌಟು ಹಿಡಿದು ನಿಂತೇ ಇದ್ದಳು.

"ಏನೋ ಪರೀಕ್ಷೆ ಮಾಡ್ತಿರ್ಬೇಕು. ಹೋದ ವರ್ಷವೂ ಸುಮ್‌ಸುಮ್ನೆ ಕೂಗಿತ್ತು. ಇನ್ನೊಂದು ಬಾಣಲೆ ತೆಗೆದುಬಿಡ್ತೀನಿ."

"ಎದ್ದೇಳಿ!" ಎಂದಳು ಸೊನುನ್ ಎಜೆ. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಗದ್ದಲ ಮಾಡುವ ಕ್ಲಾಸು ಒಂದೇ ಏಟಿಗೆ ಎದ್ದು ನಿಲ್ಲುವ ದನಿ. "ಸುಮ್ನೆ ಕೂಗೋ ಯಂತ್ರ ಅಲ್ಲ ಅದು. ಒಲೆ ಬಿಡಿ. ಮೇಲೆ ನಡೀರಿ!"

ಬೀದಿಗೆ ಬಂದೆವು. ಕೆಲವರು ಓಡುತ್ತಿದ್ದರು, ಕೆಲವರು ಗೇಟಿನಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಆಚೆ ಬದಿಯ ಗೇಟುಗಳನ್ನು ಸೊನುನ್ ಎಜೆ ಬಡಿದಳು, ಈಚೆಯವನ್ನು ನಾನು ಬಡಿದೆ. ಒಬ್ಬ ಮುದುಕ ಕುರಿ ಬಿಟ್ಟು ಬರುವುದಿಲ್ಲ ಎಂದು ಕೂತಿದ್ದ. ಕುರಿ ಹಟ್ಟಿಯ ಬಾಗಿಲು ತೆಗೆದುಬಿಟ್ಟೆ. ಅವು ಗುಡ್ಡದತ್ತ ಓಡಿದವು, ಅವುಗಳ ಹಿಂದೆ ಅವನೂ ಬೈಯುತ್ತ ಓಡಿದ.

ಸ್ಮಶಾನದ ಗುಡ್ಡದ ಮೇಲೆ ಇಡೀ ಹಳ್ಳಿ ನಿಂತಿತು. ಮೊದಲು ಗಾಳಿ ಬಂತು. ಕಣಿವೆಯ ಬಾಯಿಂದ ತಣ್ಣನೆ ಗಾಳಿ, ಒಡೆದ ಕಲ್ಲಿನ, ಹಸಿ ಮಣ್ಣಿನ ವಾಸನೆ. ಆಮೇಲೆ ನೆಲ ನಡುಗಿತು. ಕಾಲಿನಿಂದ ಮೊಣಕಾಲಿಗೆ, ಅಲ್ಲಿಂದ ಹಲ್ಲಿಗೆ. ಆಮೇಲೆ ಸದ್ದು.

ಅದನ್ನು ನೀರು ಎನ್ನಲು ಬಾಯಿ ಬರುವುದಿಲ್ಲ. ಬೆಟ್ಟದ ಒಂದು ತುಂಡು ಎದ್ದು ನಡೆದುಬಂದ ಹಾಗಿತ್ತು. ಕಂದು ಬಣ್ಣದ ಗೋಡೆ, ಅದರ ತಲೆಯ ಮೇಲೆ ಬುಡಮೇಲಾದ ಮರಗಳು, ಹೊಟ್ಟೆಯೊಳಗೆ ಮನೆಯಷ್ಟು ದೊಡ್ಡ ಬಂಡೆಗಳು. ಬಂಡೆಗೆ ಬಂಡೆ ತಾಗಿ ಕಿಡಿ ಹಾರುತ್ತಿತ್ತು, ನೀರಿನೊಳಗೆ, ಹಾಡುಹಗಲು. ನಾನೇ ನೋಡಿದೆ. ಸೇತುವೆ ಇತ್ತು, ಇಲ್ಲವಾಯಿತು. ಹೊಳೆ ಬದಿಯ ಬೀದಿ ಒಂದೊಂದೇ ಮನೆ ಕಳೆದುಕೊಂಡಿತು. ನಾವು ಕೂತಿದ್ದ ಏಪ್ರಿಕಾಟ್ ಮರ ನಿಂತಂತೆಯೇ ಸ್ವಲ್ಪ ದೂರ ಹೋಯಿತು, ಹಣ್ಣಿನ ಸಮೇತ, ಆಮೇಲೆ ಮಲಗಿತು.

ಮಕ್ಕಳೂ ಅಳಲಿಲ್ಲ. ಅಷ್ಟು ದೊಡ್ಡದರ ಎದುರು ಅಳು ಬರುವುದಿಲ್ಲ.

ಸದ್ದು ಇಳಿದ ಮೇಲೆ ಇಮಾಮರು ಒಬ್ಬೊಬ್ಬರ ಹೆಸರು ಕೂಗಿದರು. ಒಂದೊಂದು ಹೆಸರಿಗೂ ಒಂದು ದನಿ ಬಂತು. ಕೊನೆಯ ಹೆಸರಿಗೂ ಬಂತು.

ಅನಾರ್ಕಾನ್ ಅಪಾಳ ಕೈಯಲ್ಲಿ ಸೌಟು ಹಾಗೇ ಇತ್ತು. "ತೊಕ್ತೊರ್..." ಎಂದಳು. ಅವನು ಮೇಲಿದ್ದ. ಫೋನ್ ತಾಗುತ್ತಿರಲಿಲ್ಲ. ಸೊನುನ್ ಎಜೆ ಅವಳ ಭುಜ ಹಿಡಿದು ಕೂತಳು. ಬಿಸಿಲು ಬಾಡುವ ಹೊತ್ತಿಗೆ ನನ್ನ ಫೋನ್ ಕೂಗಿತು.

"ಬೈಕೆ? ನಮ್ಮಮ್ಮ?"

ಫೋನನ್ನು ಅವಳ ಕಿವಿಗಿಟ್ಟೆ. ಅವಳು ಮಗನನ್ನು ಬೈಯಲು ಶುರುಮಾಡಿದಳು. ಊಟ ಮಾಡಿದ್ಯಾ, ಸಾಕ್ಸ್ ಒದ್ದೆಯಾಗಿದ್ಯಾ, ಯಾಕೆ ಇಷ್ಟು ಹೊತ್ತು ಫೋನ್ ಮಾಡ್ಲಿಲ್ಲ. ಬೈಯುತ್ತ ಬೈಯುತ್ತ ಅತ್ತಳು. ಗುಡ್ಡದ ಮೇಲಿದ್ದವರೆಲ್ಲ ಆಗ ಅತ್ತರು. ನಾನೂ.

ಜುಲೈ 12, ಶನಿವಾರ

ದಾರಿ ಕೊಚ್ಚಿಹೋಗಿದೆ. ತೊಕ್ತೊರ್ ಇಳಿದು ಬಂದು ನಮ್ಮನ್ನು ಬೇರೆ ಬದಿಯಿಂದ, ಕುದುರೆಯ ಮೇಲೆ ಹತ್ತಿಸಿದ. ಸೊನುನ್ ಎಜೆ ದಾರಿಯುದ್ದಕ್ಕೂ ಕುದುರೆಗೆ ಬುದ್ಧಿ ಹೇಳುತ್ತಿದ್ದಳು.

ಕೊನೆಯ ಏರು ಹತ್ತಿ ನೋಡಿದರೆ ಸರೋವರವಿಲ್ಲ. ಬೆಟ್ಟಗಳ ನಡುವೆ ಒಂದು ದೊಡ್ಡ ಬೋಗುಣಿ, ಖಾಲಿ. ತಳದ ಕೆಸರಿನಲ್ಲಿ ನೀಲಿ ಹಿಮದ ಬಂಡೆಗಳು ಅಲ್ಲಲ್ಲಿ ಮಲಗಿದ್ದವು, ನಮ್ಮ ಬಜಾರಿನ ಕಂಟೇನರುಗಳಿಗಿಂತ ದೊಡ್ಡವು. ಬಿಸಿಲು ಅವುಗಳೊಳಗೆ ಹೊಕ್ಕು ದೀಪ ಹಚ್ಚಿಟ್ಟಂತೆ ಕಾಣುತ್ತಿತ್ತು. ಎಲ್ಲೆಲ್ಲೂ ತೊಟ್ಟಿಕ್ಕುವ ಸದ್ದು. ತೊಕ್ತೊರ್ ಪ್ರಾರ್ಥನೆಗೆಂದು ಎರಡೂ ಅಂಗೈ ಮುಖಕ್ಕೆ ತಂದು ಒಮಿನ್ ಎಂದ. ನಾವೂ ಎಂದೆವು.

ತೊಕ್ತೊರನ ಕಾವಲು ಗುಡಿಸಲಿನೊಳಗೆ ಕಂಪ್ಯೂಟರ್ ಓಡುತ್ತಿತ್ತು. ಫ್ಯಾನ್ ಕಿರುಗುಟ್ಟುತ್ತಲೇ ಇತ್ತು. ಮುಚ್ಚಳ ತೆಗೆದು ನೋಡಿದೆ. ಬೆಸುಗೆಗಳೆಲ್ಲ ಹಾಗೇ ಇವೆ, ಒಂದೂ ಬಿಟ್ಟಿಲ್ಲ. ಫ್ಯಾನಿಗೆ ಒಂದು ಹನಿ ಎಣ್ಣೆ ಹಾಕಿದೆ. ಸದ್ದು ನಿಂತಿತು. ಪರದೆಯ ಮೇಲೆ ಮೂರು ದಿನದಿಂದ ಒಂದೇ ಅಂಕಿ, ಒಂದರ ಕೆಳಗೊಂದು: ಸೊನ್ನೆ, ಸೊನ್ನೆ, ಸೊನ್ನೆ.

"ಆರಿಸಿಬಿಡ್ಲಾ?" ಎಂದ ತೊಕ್ತೊರ್. "ಸರೋವರವೇ ಇಲ್ವಲ್ಲ. ಪಾಪ, ಏನನ್ನ ಅಳೀತಾ ಇದೆ ಇದು?"

ಸೊನುನ್ ಎಜೆ ಎರಡು ಕನ್ನಡಕ ಸೇರಿಸಿ ಹಿಡಿದು ಪರದೆಯ ಹತ್ತಿರ ಬಾಗಿದಳು.

"ತಡಿ" ಎಂದಳು.

ಹೊರಗೆ ತೊಟ್ಟಿಕ್ಕುತ್ತಲೇ ಇತ್ತು. ನಾವು ಮೂವರೂ ತಲೆಗೆ ತಲೆ ತಾಗಿಸಿ ನೋಡುತ್ತಿದ್ದೆವು. ಇನ್ನೊಂದು ಸೊನ್ನೆ ಬಂತು. ಮತ್ತೊಂದು ಬಂತು. ಅದರ ಕೆಳಗೆ, ನಾವು ನೋಡುತ್ತಿದ್ದಂತೆಯೇ, ಸೊನ್ನೆಯಲ್ಲ, ಒಂದು ಎಂಬ ಅಂಕಿ ಬಂತು: ನೀರು ಮತ್ತೆ ಸೇರತೊಡಗಿತ್ತು.